ಶಾಖೋಪಶಾಖೆಯ ಪಟ್ಟಿಗಳನ್ನು ಜಾಲಪುಟದಲ್ಲಿ ತೋರಿಸುವ ಕ್ರಮ

ಮನೆತನದ ಜಮೀನು ಪಾಲಾಗುವ ಸಮಯದಲ್ಲಿ ಮೊಟ್ಟಮೊದಲು ಬೇಕಾಗುವ ಕಾಗದವು ವಂಶವೃಕ್ಷವೆಂಬುದು ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ತಿಳಿದ ವಿಷಯವೇ ಆಗಿದೆ. ಮೂಲಪುರುಷನ ಹೆಸರನ್ನು ಮೇಲೆ ಬರೆದು, ಅವನ ಮೊದಲನೆಯ ಸಂತಾನವನ್ನೂ ಆ ಸಂತಾನದ ಮಕ್ಕಳು ಮೊಮ್ಮಕ್ಕಳನ್ನೂ ಪೂರ್ತಿಯಾಗಿ ಬರೆದು ಮುಗಿಸಿದ ಮೇಲೆಯೇ ಎರಡನೆಯ ಸಂತಾನದ ಕವಲಿಗೆ ಬರುವುದು ಪದ್ಧತಿ. ಹೀಗೆ ಬರೆಯುವಾಗ ನಡುವೆ ಒಬ್ಬನ ಹೆಸರು ಬಿಟ್ಟುಹೋದರೆ ನಷ್ಟವು ಆ ಒಬ್ಬನಿಗೆ ಮಾತ್ರ ತಟ್ಟುವುದಿಲ್ಲ. ಅವನ ಕೆಳಗಣ ಕವಲೆಲ್ಲವೂ ಕಾಗದದಿಂದ ಕಾಣೆಯಾಗುವುದು. ಆದಕಾರಣವೇ ಬಲ್ಲ ಹಿರಿಯರು ವಂಶವೃಕ್ಷಕ್ಕೆ ಸಾಕ್ಷಿ ಹಾಕುವ ಮುನ್ನ ತಲೆಗಳನ್ನು ಎಣಿಸಿ ನೋಡುವರು.

ಈಗಿನ ಕಾಲದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳ ಪಟ್ಟಿಗಳೂ, ಸರ್ವೆ ನಂಬರು ಹಿಸ್ಸೆಗಳ ಪಟ್ಟಿಗಳೂ, ಬೆಳೆ ಮತ್ತು ತಳಿಗಳ ಪಟ್ಟಿಗಳೂ ಗಣಕಯಂತ್ರದಲ್ಲಿ ಇಡಲ್ಪಟ್ಟು ಜಾಲಪುಟಗಳ ಮೂಲಕ ಜನರಿಗೆ ತೋರಿಸಲ್ಪಡುತ್ತಿವೆ. ಗ್ರಾಮ ಪಂಚಾಯಿತಿಗಳೂ, ಸಹಕಾರ ಸಂಘಗಳೂ, ರೈತ ಉತ್ಪಾದಕರ ಸಂಸ್ಥೆಗಳೂ ತಮ್ಮ ತಮ್ಮ ಜಾಲಪುಟಗಳನ್ನು ಸ್ಥಳೀಯ ಯುವಕ ಯುವತಿಯರಿಂದ ಮಾಡಿಸಿಕೊಳ್ಳುವುದುಂಟು. ಈ ಪಟ್ಟಿಗಳೆಲ್ಲವೂ ವಂಶವೃಕ್ಷದಂತೆಯೇ ಶಾಖೋಪಶಾಖೆಯಾಗಿರುವಂಥವು. ಅವುಗಳನ್ನು ಯಂತ್ರವು ಹೇಗೆ ಇಟ್ಟುಕೊಳ್ಳುವುದು, ಹೇಗೆ ತೋರಿಸುವುದು, ಎಲ್ಲಿ ತಪ್ಪುವುದು ಎಂಬುದನ್ನು ಹಿರಿಯರು ತಿಳಿದಿದ್ದರೆ ಕವಲು ಕಾಣೆಯಾದ ಪಟ್ಟಿಗೆ ಒಪ್ಪಿಗೆ ಕೊಡುವ ಪ್ರಮಾದವು ತಪ್ಪುವುದು.

ಪಟ್ಟಿಯನ್ನು ಇಡುವ ಬಗೆ

ಗಣಕಯಂತ್ರದ ದತ್ತಾಂಶ ಭಂಡಾರಕ್ಕೆ ಡೇಟಾಬೇಸ್ ಎಂದು ಹೆಸರು. ವಿಷಯಗಳನ್ನು ಸಾಲು ಮತ್ತು ಅಂಕಣಗಳುಳ್ಳ ಪಟ್ಟಿಗಳಾಗಿ ಇಡತಕ್ಕದ್ದೆಂಬ ಪದ್ಧತಿಯನ್ನು ೧೯೭೦ರಲ್ಲಿ ಎಡ್ಗರ್ ಕಾಡ್ ಎಂಬ ವಿದ್ವಾಂಸರು ಪ್ರತಿಪಾದಿಸಿದರು. ಅದು ಇಂದಿಗೂ ಲೋಕದಲ್ಲೆಲ್ಲ ಬಳಕೆಯಲ್ಲಿದೆ. ಇಂಥ ಪಟ್ಟಿಯು ಖಾತೆಪುಸ್ತಕದ ಹಾಳೆಯಂತೆ ಚಪ್ಪಟೆಯಾದದ್ದು. ಅದರಲ್ಲಿ ಕೊಂಬೆ ರೆಂಬೆಗಳಿಲ್ಲ. ಆದರೂ ಅದರೊಳಗೆ ಮರವನ್ನು ಅಡಗಿಸಿಡುವುದಕ್ಕೆ ಒಂದು ಸುಲಭೋಪಾಯವಿದೆ. ಪ್ರತಿಯೊಂದು ಸಾಲಿಗೂ ಒಂದು ಕ್ರಮಸಂಖ್ಯೆಯನ್ನು ಕೊಟ್ಟು, ಆ ಸಾಲು ಯಾವುದರ ಕೆಳಗೆ ಸೇರತಕ್ಕದ್ದೋ ಅದರ ಸಂಖ್ಯೆಯನ್ನು ಇನ್ನೊಂದು ಅಂಕಣದಲ್ಲಿ ಬರೆದರೆ ಸಾಕು. ಈ ಎರಡನೆಯದನ್ನು ಇಲ್ಲಿ ಮೇಲಣ ಸಂಖ್ಯೆಯೆಂದು ಕರೆಯಲಾಗಿದೆ.

ಉದಾಹರಣೆಗೆ, ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳನ್ನೂ ಅವುಗಳ ಕೆಲವು ಹೋಬಳಿಗಳನ್ನೂ ತೆಗೆದುಕೊಂಡು ಪಟ್ಟಿಯನ್ನು ಕೆಳಗಿನಂತೆ ಬರೆಯಬಹುದು. ಹೊಸಪೇಟೆ ತಾಲ್ಲೂಕನ್ನೂ ಉಳಿದ ಹೋಬಳಿಗಳನ್ನೂ ವಿಸ್ತಾರಭಯದಿಂದ ಬಿಟ್ಟಿದೆ.

೧. ವಿಜಯನಗರ ಜಿಲ್ಲೆ — ಮೇಲಣ ಸಂಖ್ಯೆ ಇಲ್ಲ
೨. ಕೂಡ್ಲಿಗಿ ತಾಲ್ಲೂಕು — ಮೇಲಣ ಸಂಖ್ಯೆ ೧
೩. ಕೊಟ್ಟೂರು ತಾಲ್ಲೂಕು — ಮೇಲಣ ಸಂಖ್ಯೆ ೧
೪. ಹಗರಿಬೊಮ್ಮನಹಳ್ಳಿ ತಾಲ್ಲೂಕು — ಮೇಲಣ ಸಂಖ್ಯೆ ೧
೫. ಹೂವಿನಹಡಗಲಿ ತಾಲ್ಲೂಕು — ಮೇಲಣ ಸಂಖ್ಯೆ ೧
೬. ಹರಪನಹಳ್ಳಿ ತಾಲ್ಲೂಕು — ಮೇಲಣ ಸಂಖ್ಯೆ ೧
೭. ಗುಡೇಕೋಟೆ ಹೋಬಳಿ — ಮೇಲಣ ಸಂಖ್ಯೆ ೨
೮. ಹೊಸಹಳ್ಳಿ ಹೋಬಳಿ — ಮೇಲಣ ಸಂಖ್ಯೆ ೨
೯. ತಂಬ್ರಹಳ್ಳಿ ಹೋಬಳಿ — ಮೇಲಣ ಸಂಖ್ಯೆ ೪
೧೦. ಹಿರೇಹಡಗಲಿ ಹೋಬಳಿ — ಮೇಲಣ ಸಂಖ್ಯೆ ೫
೧೧. ಇಟ್ಟಿಗಿ ಹೋಬಳಿ — ಮೇಲಣ ಸಂಖ್ಯೆ ೫
೧೨. ಚಿಗಟೇರಿ ಹೋಬಳಿ — ಮೇಲಣ ಸಂಖ್ಯೆ ೬
೧೩. ತೆಲಿಗಿ ಹೋಬಳಿ — ಮೇಲಣ ಸಂಖ್ಯೆ ೬

ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಯಾವ ಸಾಲೂ ತನ್ನ ಕೆಳಗೆ ಯಾರಿದ್ದಾರೆಂಬುದನ್ನು ಹೇಳುವುದಿಲ್ಲ. ತನ್ನ ಮೇಲೆ ಯಾರೆಂಬುದನ್ನು ಮಾತ್ರ ಹೇಳುವುದು. ಮಗನು ತಂದೆಯ ಹೆಸರನ್ನು ಹೇಳಿದಂತೆ ಇದು. ಅಷ್ಟರಿಂದಲೇ ಇಡೀ ವೃಕ್ಷವನ್ನು ಮತ್ತೆ ಕಟ್ಟಬಹುದಾಗಿದೆ.

ತನ್ನನ್ನು ತಾನೇ ಕರೆಯುವ ವಿಧಿ

ಯಂತ್ರಕ್ಕೆ ಒಂದು ಕೆಲಸವನ್ನು ಹೇಳಿಕೊಡುವ ಆಜ್ಞೆಗಳ ಗುಂಪಿಗೆ ಫಂಕ್ಷನ್ ಎಂದು ಹೆಸರು; ಕನ್ನಡದಲ್ಲಿ ವಿಧಿಯೆನ್ನಬಹುದು. ಮೇಲ್ಕಂಡ ಪಟ್ಟಿಯನ್ನು ವೃಕ್ಷವಾಗಿ ತೋರಿಸಬೇಕಾದರೆ, ಜಿಲ್ಲೆಗೊಂದು, ತಾಲ್ಲೂಕಿಗೊಂದು, ಹೋಬಳಿಗೊಂದು ಬೇರೆ ಬೇರೆ ವಿಧಿಗಳನ್ನು ಬರೆಯಬಹುದು. ಆದರೆ ನಾಳೆ ಗ್ರಾಮಗಳನ್ನು ಸೇರಿಸಿದರೆ ನಾಲ್ಕನೆಯ ವಿಧಿ ಬೇಕಾಗುವುದು. ಮಜರೆಗಳನ್ನು ಸೇರಿಸಿದರೆ ಐದನೆಯದು. ಇದು ಮುಗಿಯುವ ಕೆಲಸವಲ್ಲ.

ಆದಕಾರಣ ಬಲ್ಲವರು ಒಂದೇ ವಿಧಿಯನ್ನು ಬರೆಯುವರು. ಅದಕ್ಕೆ ಒಂದು ಸಂಖ್ಯೆಯನ್ನೂ ಎಷ್ಟನೆಯ ಮಟ್ಟವೆಂಬುದನ್ನೂ ಕೊಡತಕ್ಕದ್ದು. ಅದರ ಆಜ್ಞೆಗಳು ಈ ಮೂರೇ:

(೧) ಕೊಟ್ಟ ಸಂಖ್ಯೆಯನ್ನು ಮೇಲಣ ಸಂಖ್ಯೆಯಾಗಿ ಉಳ್ಳ ಸಾಲುಗಳನ್ನೆಲ್ಲ ಪಟ್ಟಿಯಿಂದ ಆರಿಸತಕ್ಕದ್ದು.
(೨) ಅಂಥ ಸಾಲು ಒಂದೂ ಇಲ್ಲದಿದ್ದರೆ ಬಂದ ದಾರಿಯಲ್ಲಿ ಹಿಂದಿರುಗತಕ್ಕದ್ದು.
(೩) ಇದ್ದರೆ ಒಂದೊಂದನ್ನಾಗಿ ತೆಗೆದುಕೊಂಡು, ಮಟ್ಟಕ್ಕೆ ತಕ್ಕಷ್ಟು ಅಂಚನ್ನು ಬಿಟ್ಟು ಅದರ ಹೆಸರನ್ನು ಬರೆಯತಕ್ಕದ್ದು. ಒಡನೆಯೇ ಅದರ ಸಂಖ್ಯೆಯನ್ನೂ ಒಂದು ಹೆಚ್ಚಿಸಿದ ಮಟ್ಟವನ್ನೂ ಕೊಟ್ಟು ಇದೇ ವಿಧಿಯನ್ನು ಪುನಃ ಕರೆಯತಕ್ಕದ್ದು.

ಮೂರನೆಯ ಆಜ್ಞೆಯಲ್ಲಿ ವಿಧಿಯು ತನ್ನನ್ನು ತಾನೇ ಕರೆದುಕೊಳ್ಳುವುದರಿಂದ ಇದಕ್ಕೆ ರಿಕರ್ಸಿವ್ ಫಂಕ್ಷನ್ ಎಂದು ಹೆಸರಾಗಿದೆ. ಎರಡನೆಯ ಆಜ್ಞೆಯು ಬಹಳ ಮುಖ್ಯವಾದದ್ದು. ಬಾವಿಗೆ ಇಳಿಯುವವನು ನೆಲ ಸಿಕ್ಕಿದ ಕೂಡಲೇ ಮೇಲೇರಬೇಕೆಂಬುದನ್ನು ಮೊದಲೇ ತಿಳಿದಿರಬೇಕಷ್ಟೆ. ಹಾಗೆಯೇ ಈ ವಿಧಿಗೂ ಹಿಂದಿರುಗುವ ಸ್ಥಳವು ಗೊತ್ತಿರಬೇಕು.

ವಿಧಿಯು ನಡೆಯುವ ರೀತಿ

ಮೇಲಣ ಸಂಖ್ಯೆ ಇಲ್ಲದ ಸಾಲಿನಿಂದ ಆರಂಭಿಸೆಂದು ಆಜ್ಞೆಯಾದಾಗ ವಿಧಿಯು ವಿಜಯನಗರ ಜಿಲ್ಲೆಯೆಂದು ಬರೆಯುವುದು. ಬಳಿಕ ೧ ಎಂಬ ಸಂಖ್ಯೆಯೊಡನೆ ತನ್ನನ್ನು ಕರೆದುಕೊಂಡು, ಐದು ತಾಲ್ಲೂಕುಗಳನ್ನು ಕಂಡು, ಮೊದಲನೆಯದಾದ ಕೂಡ್ಲಿಗಿಯನ್ನು ಸ್ವಲ್ಪ ಒಳಸರಿಸಿ ಬರೆಯುವುದು. ಆಗ ಕೊಟ್ಟೂರಿಗೆ ಹೋಗುವುದಿಲ್ಲ; ೨ ಎಂಬ ಸಂಖ್ಯೆಯೊಡನೆ ಕೂಡ್ಲಿಗಿಯ ಒಳಗೆ ಇಳಿದು ಗುಡೇಕೋಟೆಯನ್ನು ಬರೆಯುವುದು. ಗುಡೇಕೋಟೆಯ ಕೆಳಗೆ ಏನೂ ಇಲ್ಲದ್ದನ್ನು ಕಂಡು ಹಿಂದಿರುಗಿ, ಹೊಸಹಳ್ಳಿಯನ್ನು ಬರೆದು, ಅಲ್ಲಿಯೂ ಏನಿಲ್ಲವೆಂದು ತಿಳಿದು ಮೇಲೇರುವುದು. ಕೂಡ್ಲಿಗಿಯು ಪೂರ್ತಿಯಾದ ಮೇಲೆಯೇ ಕೊಟ್ಟೂರಿನ ಸರದಿ. ಹೀಗೆಯೇ ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳು ತಮ್ಮ ತಮ್ಮ ಹೋಬಳಿಗಳೊಡನೆ ಬರುವುವು. ವಂಶವೃಕ್ಷವನ್ನು ಓದುವ ಕ್ರಮವೂ ಇದೇ ಆಗಿದೆಯೆಂಬುದು ಓದುಗರಿಗೆ ವ್ಯಕ್ತವಾಗಿರಬಹುದು.

ಎಲ್ಲವೂ ಮುಗಿದಾಗ ತೆರೆಯ ಮೇಲೆ ೧೩ ಹೆಸರುಗಳಿರತಕ್ಕದ್ದು. ಪಟ್ಟಿಯಲ್ಲಿ ೧೩ ಸಾಲುಗಳಿವೆ. ಈ ಎರಡು ಎಣಿಕೆಗಳ ವಿಷಯವನ್ನು ಮುಂದೆ ವಿವರಿಸಿದೆ.

ತಾಲ್ಲೂಕು ಒಂದೆಡೆಯಿಂದ ಇನ್ನೊಂದೆಡೆಗೆ ಹೋದಾಗ

ಈ ಪದ್ಧತಿಯ ಗುಣವು ಹರಪನಹಳ್ಳಿಯ ಇತಿಹಾಸದಿಂದ ಚೆನ್ನಾಗಿ ತಿಳಿದುಬರುವುದು. ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕು ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯು ಏರ್ಪಟ್ಟಾಗ ಅದಕ್ಕೆ ಸೇರಿತು. ಕೆಲವು ಕಾಲದ ಮೇಲೆ ಬಳ್ಳಾರಿಗೆ ಮರಳಿತು. ೨೦೨೧ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆಯು ಬೇರ್ಪಟ್ಟಾಗ ಹೊಸ ಜಿಲ್ಲೆಯ ಭಾಗವಾಯಿತು. ಒಂದೊಂದು ಗ್ರಾಮದ ಮುಂದೆಯೂ ಜಿಲ್ಲೆಯ ಹೆಸರನ್ನು ಬರೆದಿಟ್ಟಿದ್ದರೆ ಪ್ರತಿ ಸಾರಿಯೂ ತಾಲ್ಲೂಕಿನ ಎಲ್ಲ ಗ್ರಾಮಗಳ ಸಾಲುಗಳನ್ನು ತಿದ್ದಬೇಕಾಗುತ್ತಿತ್ತು. ಅಷ್ಟರಲ್ಲಿ ಕೆಲವು ತಪ್ಪಿಹೋಗುವುದೂ ಸಹಜ. ಮೇಲಣ ಸಂಖ್ಯೆಯ ಪದ್ಧತಿಯಲ್ಲಾದರೋ ಹರಪನಹಳ್ಳಿಯೆಂಬ ಒಂದೇ ಸಾಲಿನ ಒಂದೇ ಅಂಕಿಯನ್ನು ಬದಲಾಯಿಸಿದರೆ ಸಾಕು. ಚಿಗಟೇರಿ, ತೆಲಿಗಿ ಮೊದಲಾದುವು ತಾಯಿಯ ಹಿಂದೆ ಮರಿಗಳು ಬರುವಂತೆ ತಾವಾಗಿ ಬರುವುವು.

ಕೊಟ್ಟೂರಿನ ವಿಷಯವೂ ಇಂಥದೇ. ಮೊದಲು ಕೂಡ್ಲಿಗಿ ತಾಲ್ಲೂಕಿಗೆ ಸೇರಿದ ಹೋಬಳಿಯಾಗಿದ್ದ ಅದು ಈಗ ಬೇರೆ ತಾಲ್ಲೂಕಾಗಿದೆ. ತಾಲ್ಲೂಕಿಗೆ ಹೊಸದಾಗಿ ಒಂದು ಸಾಲನ್ನು ಬರೆದು, ಹಳೆಯ ಹೋಬಳಿಯ ಸಾಲಿಗೆ ಅದನ್ನೇ ಮೇಲಣ ಸಂಖ್ಯೆಯಾಗಿ ಕೊಟ್ಟರೆ ಗ್ರಾಮಗಳ ಸಾಲುಗಳನ್ನು ಮುಟ್ಟಬೇಕಾದ ಕಾರಣವೇ ಇಲ್ಲ.

ಆದರೆ ಇಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ಅಂಕಿಯನ್ನು ಅಳಿಸಿ ತಿದ್ದಿದರೆ ಹಿಂದಿನ ಸಂಬಂಧವು ಯಂತ್ರಕ್ಕೆ ಮರೆತುಹೋಗುವುದು. ಹರಪನಹಳ್ಳಿ ತಾಲ್ಲೂಕಿನ ೨೦೦೫ನೆಯ ಇಸವಿಯ ಕ್ರಯಪತ್ರದಲ್ಲಿ ದಾವಣಗೆರೆ ಜಿಲ್ಲೆಯೆಂದು ಬರೆದಿರುವುದು ನ್ಯಾಯವೇ ಆಗಿದೆ. ಆದಕಾರಣ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಯಾವ ಮೇಲಣ ಸಂಖ್ಯೆಯಿತ್ತೆಂಬುದನ್ನು ಬೇರೆ ಪಟ್ಟಿಯಲ್ಲಿ ಉಳಿಸಿಡುವುದು ಉತ್ತಮ.

ಸರ್ವೆ ನಂಬರು ಮತ್ತು ಹಿಸ್ಸೆಗಳು

ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ೧೭೬ ತಾಲ್ಲೂಕುಗಳ ಸುಮಾರು ೨ ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿಸಲ್ಪಟ್ಟುವು. ಪಹಣಿಯನ್ನು ಜಾಲಪುಟದಲ್ಲಿ ನೋಡುವವರು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಒಂದಾದ ಮೇಲೊಂದರಂತೆ ಆರಿಸಿ, ಬಳಿಕ ಸರ್ವೆ ನಂಬರನ್ನೂ ಹಿಸ್ಸಾ ನಂಬರನ್ನೂ ಕೊಡುವರು. ಗ್ರಾಮದವರೆಗಿನ ಮೆಟ್ಟಲುಗಳು ಇಷ್ಟೇ ಎಂದು ನಿಶ್ಚಿತವಾಗಿವೆ. ಆದರೆ ಹಿಸ್ಸೆಗಳು ಹಾಗಲ್ಲ. ಅಣ್ಣತಮ್ಮಂದಿರಲ್ಲಿ ಪಾಲಾದ ಹೊಲವು ಅವರ ಮಕ್ಕಳಲ್ಲಿ ಮತ್ತೆ ಪಾಲಾಗುವುದು. ಎಷ್ಟು ಸಲವೆಂದು ಯಾರೂ ಮುಂದಾಗಿ ಹೇಳಲಾರರು. ಮಟ್ಟಗಳ ಸಂಖ್ಯೆಯು ಗೊತ್ತಿಲ್ಲದ ಇಂಥ ಕಡೆಯಲ್ಲಿಯೇ ತನ್ನನ್ನು ತಾನೇ ಕರೆಯುವ ವಿಧಿಯು ವಿಶೇಷವಾಗಿ ಪ್ರಯೋಜನಕ್ಕೆ ಬರುವುದು.

ತೋರಿಸುವುದಕ್ಕೆ ಮಾತ್ರವಲ್ಲದೆ ಕೂಡುವುದಕ್ಕೂ ಇದೇ ವಿಧಿಯು ಒದಗುವುದು. ನಿದರ್ಶನಕ್ಕಾಗಿ, ೮ ಎಕರೆ ೫೦ ಸೆಂಟ್ಸ್ ಉಳ್ಳ ೪೫ನೆಯ ನಂಬರು ೪೫/೧ ಮತ್ತು ೪೫/೨ ಎಂದು ತಲಾ ೪ ಎಕರೆ ೨೫ ಸೆಂಟ್ಸ್‌ಗಳಾಗಿ ಒಡೆಯಿತೆಂದೂ, ಬಳಿಕ ೪೫/೨ ಎಂಬುದು ೨ ಎಕರೆಯ ೪೫/೨ಎ ಮತ್ತು ೨ ಎಕರೆ ೨೫ ಸೆಂಟ್ಸ್‌ನ ೪೫/೨ಬಿ ಎಂದು ಒಡೆಯಿತೆಂದೂ ಇಟ್ಟುಕೊಳ್ಳಬಹುದು. ಎಲ್ಲ ಹಿಸ್ಸೆಗಳನ್ನೂ ಕಣ್ಣು ಮುಚ್ಚಿ ಕೂಡಿದರೆ ೧೨ ಎಕರೆ ೭೫ ಸೆಂಟ್ಸ್ ಆಗುವುದು. ಏಕೆಂದರೆ ೪೫/೨ ಒಮ್ಮೆಯೂ ಅದರ ಮಕ್ಕಳು ಇನ್ನೊಮ್ಮೆಯೂ ಲೆಕ್ಕಕ್ಕೆ ಬಂದಿವೆ. ಇಲ್ಲದ ೪ ಎಕರೆ ೨೫ ಸೆಂಟ್ಸ್ ಜಮೀನು ಕಾಗದದ ಮೇಲೆ ಹುಟ್ಟಿತು. ಬಿತ್ತನೆಯ ವರದಿಗೂ ಬೆಳೆ ನಷ್ಟದ ಅಂದಾಜಿಗೂ ಇಂಥ ಲೆಕ್ಕವು ಹೋದರೆ ಮುಂದೆ ನಿಜವಾದ ಹಕ್ಕುದಾರನೂ ಸಂಶಯಕ್ಕೆ ಗುರಿಯಾಗುವನು.

ಸರಿಯಾದ ವಿಧಿಯು ಹೀಗೆ ಮಾಡತಕ್ಕದ್ದು: ಕೆಳಗೆ ಮಕ್ಕಳಿಲ್ಲದ ಹಿಸ್ಸೆಯು ತನ್ನ ವಿಸ್ತೀರ್ಣವನ್ನು ತಾನೇ ಹೇಳಲಿ, ಮಕ್ಕಳುಳ್ಳದ್ದು ಮಕ್ಕಳು ಹೇಳಿದ್ದನ್ನು ಕೂಡಿ ಹೇಳಲಿ. ಆಗ ೪೫/೨ಎ ಮತ್ತು ೪೫/೨ಬಿ ಸೇರಿ ೪ ಎಕರೆ ೨೫ ಸೆಂಟ್ಸ್ ಎಂದು ೪೫/೨ಕ್ಕೆ ಹೇಳುವುವು. ಅದಕ್ಕೆ ೪೫/೧ರ ೪ ಎಕರೆ ೨೫ ಸೆಂಟ್ಸ್ ಸೇರಿ ೮ ಎಕರೆ ೫೦ ಸೆಂಟ್ಸ್ ಎಂಬ ನಿಜವಾದ ಮೊತ್ತವು ದೊರೆಯುವುದು. ಕೂಡಿ ಬಂದ ಮೊತ್ತವು ಮೂಲ ನಂಬರಿನ ವಿಸ್ತೀರ್ಣಕ್ಕೆ ಸರಿಹೋಗದಿದ್ದರೆ ಎಲ್ಲಿಯೋ ಒಂದು ಹಿಸ್ಸೆಯ ನಮೂದು ತಪ್ಪಿದೆಯೆಂದು ತಿಳಿಯಬೇಕು.

ಒಂದು ಬೆಳೆಗೆ ಎರಡು ಮನೆ

ಬೆಳೆಗಳ ಪಟ್ಟಿಯನ್ನೂ ಇದೇ ರೀತಿಯಲ್ಲಿ ಇಡಬಹುದು. ಏಕದಳ ಧಾನ್ಯದ ಕೆಳಗೆ ಜೋಳ, ಜೋಳದ ಕೆಳಗೆ ಮುಂಗಾರಿ ಮತ್ತು ಹಿಂಗಾರಿ. ಹೂವಿನ ಬೆಳೆಯ ಕೆಳಗೆ ಮಲ್ಲಿಗೆ, ಮಲ್ಲಿಗೆಯ ಕೆಳಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆ. ಆದರೆ ಶೇಂಗಾ ಬೆಳೆಯು ಬಂದಾಗ ತೊಡಕು ಕಾಣುವುದು. ಸಸ್ಯಜಾತಿಯಿಂದ ಅದು ದ್ವಿದಳ. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿಯುವಂಥದು. ಉಪಯೋಗದಿಂದ ನೋಡಿದರೆ ಎಣ್ಣೆಕಾಳು. ಒಂದೇ ಮೇಲಣ ಸಂಖ್ಯೆಯುಳ್ಳ ಪಟ್ಟಿಯಲ್ಲಿ ಅದಕ್ಕೆ ಒಂದೇ ಮನೆ. ಎಣ್ಣೆಕಾಳಿನ ಕೆಳಗಿಟ್ಟರೆ, ಬೆಳೆ ಪರಿವರ್ತನೆಗೆಂದು ದ್ವಿದಳವನ್ನು ಹುಡುಕುವ ರೈತನಿಗೆ ಅದು ಕಾಣಿಸದು. ಎರಡು ಕಡೆಯೂ ಎರಡು ಸಾಲುಗಳಾಗಿ ಬರೆದರೆ, ಒಂದನ್ನು ತಿದ್ದಿದಾಗ ಇನ್ನೊಂದು ಹಳೆಯದಾಗಿಯೇ ಉಳಿಯುವುದು. ಇಂಥ ಸಂದರ್ಭದಲ್ಲಿ ಬೆಳೆಗಳಿಗೆ ಒಂದು ಪಟ್ಟಿ, ವರ್ಗಗಳಿಗೆ ಒಂದು ಪಟ್ಟಿ, ಇವೆರಡನ್ನೂ ಜೋಡಿಸುವ ಮೂರನೆಯದೊಂದು ಪಟ್ಟಿ ಎಂದು ಮಾಡುವುದೇ ಸರಿಯಾದ ಉಪಾಯ.

ಸಂಭವಿಸುವ ದೋಷಗಳು

ಮೊದಲನೆಯ ದೋಷ, ಇಲ್ಲದ ಸಂಖ್ಯೆಯನ್ನು ಬರೆಯುವುದು. ಹರಪನಹಳ್ಳಿಯ ಮೇಲಣ ಸಂಖ್ಯೆಯನ್ನು ೧ ಎನ್ನುವ ಬದಲು ೧೬ ಎಂದು ಒತ್ತಿದರೆ, ೧೬ನೆಯ ಸಾಲೇ ಇಲ್ಲವಾದ್ದರಿಂದ ವಿಧಿಯು ಹರಪನಹಳ್ಳಿಗೆ ಎಂದಿಗೂ ಬಾರದು. ಅದರೊಡನೆ ಚಿಗಟೇರಿಯೂ ತೆಲಿಗಿಯೂ ಮರೆಯಾಗಿ ತೆರೆಯ ಮೇಲೆ ೧೦ ಹೆಸರುಗಳೇ ಕಾಣುವುವು. ಸಾಲುಗಳು ಭಂಡಾರದಲ್ಲಿ ಇದ್ದೇ ಇವೆ, ಕಾಣುವುದಿಲ್ಲ ಅಷ್ಟೆ. ಇಲ್ಲದ ಸಂಖ್ಯೆಯನ್ನು ಸ್ವೀಕರಿಸಕೂಡದೆಂದು ಡೇಟಾಬೇಸಿಗೇ ಕಟ್ಟಳೆ ಹಾಕಿಟ್ಟರೆ ಈ ದೋಷವು ಬಾಗಿಲಲ್ಲಿಯೇ ತಡೆಯಲ್ಪಡುವುದು.

ಎರಡನೆಯದು, ಸುತ್ತುಗಟ್ಟುವಿಕೆ. ಹಗರಿಬೊಮ್ಮನಹಳ್ಳಿಗೆ ೯ ಎಂದೂ, ೯ನೆಯದಾದ ತಂಬ್ರಹಳ್ಳಿಗೆ ೪ ಎಂದೂ ಬರೆದರೆ ಅವು ಒಂದಕ್ಕೊಂದು ಮೇಲಾಗುವುವು. ಜಿಲ್ಲೆಯಿಂದ ಇಳಿಯುವ ವಿಧಿಗೆ ಇವೆರಡೂ ಸಿಕ್ಕುವುದಿಲ್ಲ. ೧೧ ಹೆಸರುಗಳೇ ಕಾಣುವುವು. ಆದರೆ ಯಾರಾದರೂ ಹಗರಿಬೊಮ್ಮನಹಳ್ಳಿಯ ಕವಲನ್ನೇ ನೇರವಾಗಿ ಕೇಳಿದರೆ ವಿಧಿಯು ಗಾಣದ ಎತ್ತಿನಂತೆ ಸುತ್ತಿ ಸುತ್ತಿ, ಯಂತ್ರದ ಸ್ಮರಣಸ್ಥಳವೆಲ್ಲ ತೀರಿ ಪುಟವು ಕೆಡುವುದು. ಬಂದ ದಾರಿಯ ಸಂಖ್ಯೆಗಳನ್ನು ವಿಧಿಯು ನೆನಪಿನಲ್ಲಿಟ್ಟುಕೊಂಡು, ಅದೇ ಸಂಖ್ಯೆಯು ಪುನಃ ಎದುರಾದರೆ ನಿಲ್ಲುವಂತೆ ಮಾಡತಕ್ಕದ್ದು.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಚಿಗಟೇರಿಗೆ ೬ ಎನ್ನುವ ಬದಲು ೫ ಎಂದು ಬರೆದರೆ ಅದು ಹೂವಿನಹಡಗಲಿಯ ಕೆಳಗೆ ಕುಳಿತುಕೊಳ್ಳುವುದು. ಸಂಖ್ಯೆಯು ಇರುವಂಥದೇ, ಸುತ್ತೂ ಇಲ್ಲ, ಎಣಿಕೆಯೂ ೧೩ ಸರಿಯಾಗಿದೆ. ಯಂತ್ರಕ್ಕೆ ಇದರಲ್ಲಿ ತಪ್ಪೇ ಕಾಣದು. ಚಿಗಟೇರಿಯು ಹರಪನಹಳ್ಳಿಗೆ ಸೇರಿದ್ದೆಂದು ಬಲ್ಲ ಮನುಷ್ಯನೇ ಇದನ್ನು ಕಂಡುಹಿಡಿಯಬೇಕು.

ಪ್ರಶ್ನೆಗಳ ಮಿತವ್ಯಯ

ವಿಧಿಯು ತನ್ನನ್ನು ಕರೆದಾಗಲೆಲ್ಲ ಭಂಡಾರವನ್ನು ಒಂದು ಪ್ರಶ್ನೆ ಕೇಳುವಂತೆ ಬರೆದರೆ ೧೩ ಸಾಲುಗಳಿಗೆ ೧೪ ಪ್ರಶ್ನೆಗಳಾಗುವುವು. ಸಾವಿರ ಸಾಲುಗಳಿಗೆ ೧,೦೦೧. ಒಂದೊಂದು ಕಾಳಿಗೂ ಒಂದೊಂದು ಸಲ ಕಣಜಕ್ಕೆ ಹೋದಂತೆ ಇದು. ಸಂಪರ್ಕವು ಮಂದವಾಗಿರುವ ಹಳ್ಳಿಗಳಲ್ಲಿ ಮೊದಲೇ ತಡವಾಗುವ ಪುಟವು ಇದರಿಂದ ಇನ್ನಷ್ಟು ತಡವಾಗುವುದು. ಎಲ್ಲ ಸಾಲುಗಳನ್ನೂ ಒಂದೇ ಪ್ರಶ್ನೆಯಿಂದ ತಂದು, ಮೇಲಣ ಸಂಖ್ಯೆಗೆ ತಕ್ಕಂತೆ ಗುಂಪುಮಾಡಿಟ್ಟುಕೊಂಡು, ಆ ಗುಂಪುಗಳ ಮೇಲೆ ವಿಧಿಯನ್ನು ನಡೆಸುವುದು ಲೇಸು. ಅಥವಾ ಭಂಡಾರವೇ ಕವಲುಗಳನ್ನು ಹಿಂಬಾಲಿಸುವಂತೆ ಕೇಳಬಹುದು. ಅದಕ್ಕೆ ತಕ್ಕ ಭಾಷಾಕ್ರಮವು ೧೯೯೯ರಲ್ಲಿ ಎಸ್‌ಕ್ಯೂಎಲ್ ಭಾಷೆಯ ನಿಯಮಗಳಿಗೆ ಸೇರಿತು. ಪೋಸ್ಟ್‌ಗ್ರೆಸ್ ಎಂಬ ಭಂಡಾರದಲ್ಲಿ ೨೦೦೯ರಿಂದಲೂ, ಮೈಎಸ್‌ಕ್ಯೂಎಲ್ ಎಂಬುದರಲ್ಲಿ ೨೦೧೮ರ ೮ನೆಯ ಆವೃತ್ತಿಯಿಂದಲೂ ಈ ಅನುಕೂಲವಿದೆ.

ಮುಖಂಡರು ನಡೆಸತಕ್ಕ ಪರೀಕ್ಷೆ

ಜಾಲಪುಟವನ್ನು ಮಾಡಿಸಿಕೊಳ್ಳುವ ಪಂಚಾಯಿತಿ ಅಥವಾ ಸಂಘದ ಮುಖಂಡರು ಯಂತ್ರದ ಭಾಷೆಯನ್ನು ಕಲಿಯಬೇಕಾದದ್ದಿಲ್ಲ. ಕೆಲಸವನ್ನು ಒಪ್ಪಿಕೊಳ್ಳುವ ಮುನ್ನ ಈ ನಾಲ್ಕು ವಿಷಯಗಳನ್ನು ವಿಚಾರಿಸಿದರೆ ಸಾಕು.

(೧) ಪಟ್ಟಿಯಲ್ಲಿರುವ ಸಾಲುಗಳೆಷ್ಟು, ತೆರೆಯ ಮೇಲೆ ಕಾಣುವ ಹೆಸರುಗಳೆಷ್ಟು? ಎರಡೂ ಸಮವಾಗಿರತಕ್ಕದ್ದು.
(೨) ಹಿಸ್ಸೆಗಳ ಮೊತ್ತವು ಮೂಲ ನಂಬರಿನ ವಿಸ್ತೀರ್ಣಕ್ಕೆ ಸರಿಹೋಗುವುದೇ?
(೩) ಇಲ್ಲದ ಸಂಖ್ಯೆಗೂ ಸುತ್ತಿಗೂ ತಡೆಯನ್ನು ಹಾಕಿದೆಯೇ?
(೪) ಆಯಾ ಊರಿನವರು ತಮ್ಮ ತಮ್ಮ ಕವಲನ್ನು ಓದಿ ನೋಡಿರುವರೇ?

ಈ ನಾಲ್ಕರಲ್ಲಿ ಮೊದಲ ಮೂರನ್ನು ಯಂತ್ರವೇ ಮಾಡಿ ತೋರಿಸಬಲ್ಲುದು. ನಾಲ್ಕನೆಯದನ್ನು ಮಾಡಬಲ್ಲವರು ಗ್ರಾಮಸ್ಥರು ಮಾತ್ರ. ಸಾವಿರ ಕವಲುಗಳನ್ನಾದರೂ ಬೇಸರವಿಲ್ಲದೆ ಹತ್ತಿ ಇಳಿಯುವ ಶಕ್ತಿಯು ವಿಧಿಗೆ ಇದೆ. ಯಾವ ಹೋಬಳಿ ಯಾವ ತಾಲ್ಲೂಕಿನದು, ಯಾವ ಹೊಲ ಯಾವ ಹೊಲದಿಂದ ಒಡೆದದ್ದು ಎಂಬ ತಿಳಿವಳಿಕೆಯು ಅದಕ್ಕಿಲ್ಲ. ಪಟ್ಟಿಯು ಪ್ರಕಟವಾಗುವ ಮೊದಲೇ ಅದರ ಒಂದು ಪ್ರತಿಯನ್ನು ಗ್ರಾಮಸಭೆಯಲ್ಲಿ ಓದಿಸಿ ತಪ್ಪುಗಳನ್ನು ಗುರುತು ಹಾಕಿಸಿದರೆ ಖರ್ಚು ಅಲ್ಪ. ಪ್ರಯೋಜನವು ಬಹು ಕಾಲ ನಿಲ್ಲುವುದು.